ಆಚಾರ್ರ ಮಡಿ ಖಾತೆ

ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿಡಿ ಸುಡುವುದು ಅನ್ನುವ ಮಾತು ಆಡುವ ಹಾಗಿರಲಿಲ್ಲ. ಹೊಸಪೇಟೆಯ ಯಾವ ಫೋಟೋ ಸ್ಟುಡಿಯೋಕ್ಕೆ ಹೋದರೂ ಹುಡುಗರು ತಮಾಷೆಗೆ ಹಾಗೇ ಅನ್ನುತ್ತಿದ್ದರು, ಬರ್ನ್ ಅಂದರೆ ಸುಡುವುದು ತಾನೇ ಅಂತ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಕೌಂಟರಿನಿಂದಲೇ ಕೂಗಿದ್ದೆ, "ಆಚಾರ್ರೇ, ಈ ಅಜ್ಜಂದೊಂದು ಸಿಡಿ ಸುಟ್ಟುಕೊಡ್ರಿ" ಅಂತ. ಅಜ್ಜ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಆಚಾರ್ರು ತಮ್ಮ ಕೋಣೆಯಿಂದ ಎದ್ದು ಬಂದು, ಅಜ್ಜನಿಗೆ ಕೇಳಿಸದ ಹಾಗೆ, "ತಂಗಿ, ಹುಷಾರಿಲ್ಲದೋರ ಮುಂದ ಸುಡೋ ಮಾತು ಆಡಬಾರದು. ಬರದುಕೊಡ್ರಿ ಅನ್ನು" ಅಂದರು. ಬೈದಿದ್ದರೆ ನಾನೂ ಒಂದಕ್ಕೆರಡು ಹಚ್ಚಿ ಬೈಯುತ್ತಿದ್ದೆ. ಅವರು ಬೈಯಲಿಲ್ಲ, ನಾನು ಸುಮ್ಮನಾದೆ. ನಾನು ಸುಮ್ಮನಾಗುವುದು ಅಂದರೆ ನಮ್ಮ ಚೋರನೂರಿನಲ್ಲಿ ಯಾರೂ ನಂಬುವುದಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ, ಯಾರ ಅನುಮತಿ ತಗೊಂಡು ಬರೆದಿ ಅಂತ ಮೇಲಿನಿಂದಲೇ ಕೇಳುವ ಮನುಷ್ಯ. ಸೆಂಟರಿನಲ್ಲಿ ಎಲ್ಲರಿಗೂ ಅವರು ಆಚಾರ್ರು. ಹಂಪಿ ಕಡೆಯ ವೈಷ್ಣವ ಮನೆತನ. ಅಜ್ಜ, ಮುತ್ತಜ್ಜ ದೇವರ ಪೂಜೆ ಮಾಡಿದವರು. ಇವರು ಮಾತ್ರ ಸಂಡೂರಿನ ಒಂದು ಗಣಿ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ, ಅಲ್ಲಿಗೆ ಕಂಪ್ಯೂಟರು ಬಂದಾಗ ಬೇರೆಯವರು ಹೆದರಿ ದೂರ ಸರಿದರೆ ತಾವು ಮುಂದೆ ಹೋಗಿ ಕೂತು ಕಲಿತರಂತೆ. ಆಮೇಲೆ ಹೊಸಪೇಟೆಗೆ ಬಂದು ನಮ್ಮ ಡಾಕ್ಟರ ಹತ್ತಿರ ಸೇರಿದರು. ಆಳು ಭಾಳ ಗಿಡ್ಡ. ನಮ್ಮ ಕೌಂಟರಿನ ಹಿಂದೆ ನಿಂತರೆ ಗೋಪಿಚಂದನದ ಹಣೆ, ಕನ್ನಡಕ, ಅಷ್ಟೇ ಕಾಣುತ್ತಿತ್ತು. ದನಿ ಮಾತ್ರ ಆ ಮೈಗೆ ಸೇರಿದ್ದೇ ಅಲ್ಲ ಅನ್ನಬೇಕು, ಅಷ್ಟು ದೊಡ್ಡದು, ಅಷ್ಟು ನಿಧಾನ. ಒಂದೊಂದು ಮಾತನ್ನೂ ತೂಗಿ ಆಮೇಲೆ ಬಿಡುತ್ತಿದ್ದರು. ಫೋನಿನಲ್ಲಿ ಅವರ ಜೊತೆ ಮಾತಾಡಿ ಆಮೇಲೆ ಸೆಂಟರಿಗೆ ಬಂದ ಪೇಶೆಂಟುಗಳು ಅವರ ಎದುರಿಗೇ ನಿಂತು, "ಆಚಾರ್ರು ಎಲ್ಲಿ ಅದಾರ್ರಿ?" ಅಂತ ಕೇಳುತ್ತಿದ್ದರು.

ಮಹಡಿ ಮೆಟ್ಟಿಲ ಕೆಳಗಿನ ಸಂದಿ ಅವರ ಕೋಣೆ. ಅಲ್ಲಿ ಸರ್ವರು, ಸಿಡಿ ಬರೆಯುವ ಕಂಪ್ಯೂಟರು, ಖಾಲಿ ಸಿಡಿಗಳ ಗೋಪುರ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಡಾಕ್ಟರೂ ಬಿಡುತ್ತಿದ್ದರು. ಆ ಕಂಪ್ಯೂಟರಿನಲ್ಲಿದ್ದ ಸಿಡಿ ಬರೆಯುವ ಸಾಫ್ಟ್‌ವೇರಿಗೆ ಒಂದು ಹಟವಿತ್ತು. ನಾವು ದಿನಾ ಕೆಲಸ ಮಾಡುವ ಖಾತೆಯಿಂದ ಅದನ್ನು ತೆರೆದರೆ, ಈ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು ಅಂತ ಪರದೆಯ ಮೇಲೆ ಒಂದು ಡಬ್ಬಿ ಮೂಡಿಸಿ ಪಾಸ್‌ವರ್ಡ್ ಕೇಳಿಕೊಂಡು ನಿಂತುಬಿಡುತ್ತಿತ್ತು. ಆ ಪಾಸ್‌ವರ್ಡ್ ಗೊತ್ತಿದ್ದದ್ದು ಆಚಾರ್ರೊಬ್ಬರಿಗೇ. ಹಾಗಾಗಿ ಯಾವ ಸಿಡಿಯಾದರೂ ಅವರ ಕೈಯಿಂದಲೇ ಆಗಬೇಕು.

ಅವರು ಪಾಸ್‌ವರ್ಡ್ ಒತ್ತುವಾಗ ನಾವೆಲ್ಲ ಗೋಡೆ ಕಡೆ ಮುಖ ಮಾಡಬೇಕು. ಆಮೇಲೆ ಕರವಸ್ತ್ರ ತೆಗೆದು ಕೀಬೋರ್ಡಿನ ಮೇಲೆ ಹರಡಿ, ಅದರ ಕೆಳಗೆ ಕೈ ಹಾಕಿ ಒತ್ತುತ್ತಿದ್ದರು. ಕೆಲಸ ಮುಗಿದ ಕ್ಷಣವೇ ಆ ಖಾತೆಯಿಂದ ಹೊರಗೆ. ಒಂದು ನಿಮಿಷ ಹೆಚ್ಚು ಕೂರುತ್ತಿರಲಿಲ್ಲ. ಯಾಕೆ ಇಷ್ಟು ನಾಟಕ ಅಂತ ಒಂದು ದಿನ ಕೇಳಿಯೇಬಿಟ್ಟೆ.

"ನೋಡು ತಂಗಿ, ನೀವು ದಿನಾ ಕೂಡೋದು ಸಾದಾ ಖಾತೆ. ಅದರಾಗ ಏನು ಹೆಚ್ಚುಕಮ್ಮಿ ಆದ್ರೂ ಮನಿ ಕೆಡಂಗಿಲ್ಲ. ಅಡ್ಮಿನ್ ಖಾತೆ ಅಂದ್ರ ಮಡಿ. ಮಡಿ ಉಟ್ಟು ಅಡಿಗಿ ಮಾಡಬೇಕು, ಪೂಜಿ ಮಾಡಬೇಕು, ಮುಗೀತು, ಬಿಚ್ಚಿ ಗಳದ ಮ್ಯಾಲೆ ಹಾಕಬೇಕು. ಮಡಿ ಉಟ್ಕೊಂಡು ಸಂತಿಗೆ ಹೋಗಬಾರದು."

ಮಡಿ ಅನ್ನುವ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ನಾವು ಒಣಬೇಸಾಯದ ಮಂದಿ. ಸಣ್ಣವಳಿದ್ದಾಗ ಅವ್ವನ ಜೊತೆ ಜೋಳ ಕೊಡಲು ಹೋದ ಮನೆಯಲ್ಲಿ, ಅಂಗಳದಲ್ಲೇ ನಿಲ್ಲಿಸಿ, ಚೀಲ ನೆಲಕ್ಕಿಟ್ಟು ಹಿಂದೆ ಸರಿಯಿರಿ ಅಂದಿದ್ದರು. ಅದು ನನಗೆ ಮರೆತಿಲ್ಲ, ಮರೆಯುವುದೂ ಇಲ್ಲ. "ಕಂಪ್ಯೂಟರಿಗೂ ಮಡಿ ತಂದಿಟ್ರಲ್ರೀ ಆಚಾರ್ರೇ, ಇನ್ನೇನು ಉಳೀತು?" ಅಂದೆ. ಅವರು ಕರವಸ್ತ್ರ ಮಡಚಿ ಜೇಬಿಗಿಟ್ಟರು. "ಬೈತೀ ಏನು, ಬೈ. ನೀ ಬೈಯೋದ್ರಾಗೂ ಅರ್ಥ ಅದ. ಆದ್ರ ಮೊದಲು ಲಾಗೌಟ್ ಮಾಡಿ ಆಮ್ಯಾಲೆ ಬೈ" ಅಂದರು. ಇಂಥವರ ಜೊತೆ ಏನಂತ ಜಗಳ ಆಡುವುದು.

ಅವರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ ಅಂತ ಆಮೇಲೆ ತಿಳಿಯಿತು. ನಾನು ಸೇರುವ ಮುಂಚೆ ಡಾಕ್ಟರ ಭಾವಮೈದುನ ಒಬ್ಬ ಅಡ್ಮಿನ್ ಖಾತೆಯಲ್ಲೇ ಕೂತು, ಎಲ್ಲಿಂದಲೋ ಸಿನಿಮಾ ಇಳಿಸಲು ಹೋಗಿ ವೈರಸ್ಸು ಹೊಗಿಸಿದ, ಎಷ್ಟೋ ಮಂದಿಯ ಸ್ಕ್ಯಾನು ಒಂದೇ ಏಟಿಗೆ ಹೋದವಂತೆ. ಮತ್ತೆ ಸ್ಕ್ಯಾನಿಗೆ ಮಲಗಿ ಅಂತ ಪೇಶೆಂಟುಗಳಿಗೆ ಫೋನು ಮಾಡಿ ಹೇಳುವ ಕೆಲಸ ಬಂದದ್ದು ಆಚಾರ್ರ ತಲೆಗೆ. ಅವತ್ತಿನಿಂದ ಆ ಖಾತೆ ಮಡಿಯಾಯಿತು. ಪೆನ್‌ಡ್ರೈವ್ ಚುಚ್ಚುವ ಕಿಂಡಿಗಳನ್ನೂ ಅವರು ಮುಚ್ಚಿಸಿಬಿಟ್ಟಿದ್ದರು.

ಸಿಡಿ ಕೇಳಿಕೊಂಡು ಯಾರೇ ಬಂದರೂ ಆಚಾರ್ರು ಕೇಳುವುದು ಒಂದೇ ಪ್ರಶ್ನೆ. "ಯಾರಿಗೆ ತೋರಸ್ತೀರಿ?" ಮೊದಮೊದಲು ನನಗೆ ಇದು ಅಧಿಕಪ್ರಸಂಗ ಅನ್ನಿಸುತ್ತಿತ್ತು. ಕಂಪ್ಲಿಯ ಒಬ್ಬ ಗೌಡರು, "ದೊಡ್ಡ ಡಾಕ್ಟರಿಗೆ" ಅಂತ ಗತ್ತಿನಿಂದ ಹೇಳಿದರೆ, ಇವರು, "ದೊಡ್ಡ ಡಾಕ್ಟರ ಕಂಪ್ಯೂಟರು ಭಾಳ ಹಳೇದಿರ್ತದ್ರಿ. ಹಳೇದಕ್ಕ ಓದಲಿಕ್ಕೆ ಬರೋ ಹಂಗ ಬರೀತೀನಿ, ಸ್ವಲ್ಪ ಕೂಡ್ರಿ" ಅಂದರು. ಬರೆಯುವುದೂ ಯಾವಾಗಲೂ ಎಲ್ಲಕ್ಕಿಂತ ಕಡಿಮೆ ವೇಗದಲ್ಲಿ. ಜಲ್ದಿ ಕೊಡ್ರಿ ಬಸ್ಸು ಹೋಗ್ತೈತಿ ಅಂತ ಜನ ಬಡಕೊಂಡರೂ ಕೇಳುತ್ತಿರಲಿಲ್ಲ. ಬರೆದಾದ ಮೇಲೆ ಸಿಡಿಯನ್ನು ನನ್ನ ಕೌಂಟರಿನ ಕಂಪ್ಯೂಟರಿಗೆ ತಂದು ಹಾಕಿ, ಕೊನೆಯ ಚಿತ್ರದವರೆಗೂ ಓದಿ ನೋಡಿಯೇ ಕೊಡುವುದು. "ಬರದ ಯಂತ್ರ ತಾ ಬರದದ್ದು ತಾ ಓದೇ ಓದ್ತದ. ಇನ್ನೊಬ್ಬರು ಓದಿದ್ರ ಆಗ ಬರದದ್ದು ಖರೆ" ಅನ್ನುತ್ತಿದ್ದರು. ಈಗ ನಾನು ಯಾರಿಗೆ ಏನು ಕಳಿಸಿದರೂ ಫೋನು ಮಾಡಿ, ತೆರೆದು ನೋಡಿದ್ರಾ ಅಂತ ಕೇಳುತ್ತೇನೆ. ಮನೆಯಲ್ಲಿ ನಗುತ್ತಾರೆ.

ಊಟದ ವಿಷಯದಲ್ಲಿ ಅವರು ಬದಲಾಗಲಿಲ್ಲ, ಅದನ್ನೂ ಹೇಳಬೇಕು. ತಮ್ಮ ಡಬ್ಬಿ, ತಮ್ಮ ನೀರು, ತಮ್ಮ ಮೂಲೆ. ಅವ್ವ ಊರಿನಿಂದ ಶೇಂಗಾ ಕಳಿಸಿದಾಗ ಹುರಿದು ಕೊಟ್ಟರೆ ಕೈ ಮುಗಿದು ಬ್ಯಾಡ ಅನ್ನುತ್ತಿದ್ದರು, ಹಸಿಯದನ್ನೇ ಕೊಟ್ಟರೆ ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುತ್ತಿದ್ದರು. ನನಗೆ ಅದು ಚುಚ್ಚುತ್ತಿತ್ತು. ಎಷ್ಟೇ ಒಳ್ಳೆಯವರಾದರೂ ಚುಚ್ಚುವುದು ಚುಚ್ಚುತ್ತದೆ. ಅವ್ವ ಮಾತ್ರ, "ಒಬ್ಬೊಬ್ಬರದು ಒಂದೊಂದು ನಮೂನಿ, ನಿನಗ್ಯಾಕ ಬೇಕು, ಹಸೇವು ಒಯ್ಯಿ" ಅಂತ ಚೀಲ ಕಟ್ಟಿಕೊಡುತ್ತಿದ್ದಳು.

ಒಮ್ಮೆ ಸೆಂಟರಿನವರೆಲ್ಲ ಹಂಪಿಗೆ ಹೋಗಿದ್ದೆವು. ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ಆಚಾರ್ರು ಸ್ವಲ್ಪ ದೂರದ ಬಂಡೆಯ ಮೇಲೆ ಕೂತು ತಮ್ಮ ಡಬ್ಬಿಯ ಮುಚ್ಚಳ ತೆಗೆದರೋ ಇಲ್ಲವೋ, ಒಂದು ದೊಡ್ಡ ಮಂಗ ಬಂದು ಡಬ್ಬಿಯನ್ನೇ ಎತ್ತಿಕೊಂಡು ಮೇಲಿನ ಬಂಡೆಗೆ ಹೋಗಿ ಕೂತಿತು. ಮೊಸರನ್ನವನ್ನು ಬೆರಳಿನಿಂದ ಬಳಿದು ಬಳಿದು ತಿಂದು, ಖಾಲಿ ಡಬ್ಬಿಯನ್ನು ಕೆಳಗೆ ಉರುಳಿಸಿತು. ನಾವೆಲ್ಲ ಏನನ್ನುತ್ತಾರೋ ಅಂತ ಅವರ ಕಡೆಗೇ ನೋಡುತ್ತಿದ್ದೆವು. ಆಚಾರ್ರು ಡಬ್ಬಿ ಎತ್ತಿಕೊಂಡು, ಒಳಗೆ ಇಣುಕಿ ನೋಡಿ, "ಹನುಮಪ್ಪ, ನಮ್ಮ ಪ್ರಾಣದೇವರೇ ಬಂದು ನೈವೇದ್ಯ ತಗೊಂಡ್ರು. ಒಂದು ಅಗಳೂ ಬಿಟ್ಟಿಲ್ಲ ನೋಡ್ರಿ, ಅಡಿಗಿ ಛಲೋ ಆಗಿತ್ತು" ಅಂತ ನಗಲು ಶುರು ಮಾಡಿದರು. ಆ ಮನುಷ್ಯ ಹಾಗೆ ನಗುವುದನ್ನು ನಾವ್ಯಾರೂ ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಡಾಕ್ಟರು ಆಗ ಒಂದು ಫೋಟೋ ತೆಗೆದರು. ಅವತ್ತು ಆಚಾರ್ರು ನಮ್ಮ ಹತ್ತಿರ ಬಂದು ಕೂತು ಬಾಳೆಹಣ್ಣು ತಿಂದರು.

ಇನ್ನು ಆ ದಿನದ ಮಾತು. ಇಷ್ಟೆಲ್ಲ ಬರೆಯಲು ಕೂತದ್ದೇ ಅದಕ್ಕೆ.

ಅವ್ವನಿಗೆ ಕೆಲವು ತಿಂಗಳಿಂದ ತಲೆನೋವು. ಆಮೇಲೆ ಕಣ್ಣು ಮಂಜಾಯಿತು. ಎದುರಿಗಿದ್ದದ್ದು ಅಷ್ಟಿಷ್ಟು ಕಾಣುತ್ತದೆ, ಎಡಬಲದ್ದು ಕಾಣುವುದಿಲ್ಲ. ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಿಂದ ಬಂದ ಬಸ್ಸು ಕಾಣದೆ ಅದರ ಮುಂದೆಯೇ ಹೋಗಿ ನಿಂತಿದ್ದಳು. ವಯಸ್ಸಾತಲ್ಲ ಅಂತ ಸುಮ್ಮನಿದ್ದವಳನ್ನು ನಾನೇ ಜಗಳ ಮಾಡಿ ಹೊಸಪೇಟೆಗೆ ಕರೆತಂದು ನಮ್ಮ ಸೆಂಟರಿನಲ್ಲಿಯೇ ಒಂದು ಸಂಜೆ ಸ್ಕ್ಯಾನಿಗೆ ಮಲಗಿಸಿದೆ. ಮೆದುಳಿನ ಬುಡದಲ್ಲಿ ಗಡ್ಡೆ. ಅದು ಕಣ್ಣಿನ ನರವನ್ನು ಒತ್ತುತ್ತಿದೆ ಅಂದರು ಡಾಕ್ಟರು. ಬೆಂಗಳೂರಿನ ಒಬ್ಬ ಸರ್ಜನ್ ತಿಂಗಳಿಗೊಮ್ಮೆ ಬಳ್ಳಾರಿಗೆ ಬರುತ್ತಿದ್ದರು. ಅವರು ಬರುವ ದಿನ ಮರುದಿನವೇ ಇತ್ತು, ಮಧ್ಯಾಹ್ನ ಹೊರಟುಹೋಗುತ್ತಾರೆ. ಡಾಕ್ಟರು ಫೋನು ಮಾಡಿ ಕೇಳಿದಾಗ ಅವರು, ಫಿಲ್ಮು ಸಾಲದು, ಒಂದೊಂದು ಪದರವನ್ನೂ ಕಂಪ್ಯೂಟರಿನಲ್ಲಿ ತಿರುವಿ ನೋಡಬೇಕು, ಸಿಡಿ ಇಲ್ಲದೆ ಬರಬೇಡಿ ಅಂದರಂತೆ. "ಮುಂದಿನ ತಿಂಗಳಿಗೆ ತೋರಿಸಿದರೆ ಆಗಲ್ವ?" ಅಂತ ಕೇಳಿದೆ. ಡಾಕ್ಟರು ಅವ್ವನ ಕಡೆ ನೋಡಿ ದನಿ ತಗ್ಗಿಸಿ, "ಮುಂದಿನ ತಿಂಗಳಿಗೆ ಕಣ್ಣು ಉಳಿದಿರ್ತದೆ ಅಂತ ನಾನು ಹೇಳಲಾರೆ" ಅಂದರು.

ಆಚಾರ್ರು ಅವತ್ತು ಮಧ್ಯಾಹ್ನವೇ ಕಂಪ್ಲಿಗೆ ಹೊರಟುಹೋಗಿದ್ದರು. ಮರುದಿನ ಅಣ್ಣನ ಮನೆಯಲ್ಲಿ ಅವರ ತಂದೆಯ ಶ್ರಾದ್ಧ. ಅವರು ರಜೆ ಹಾಕಿದರೆ ಕೌಂಟರಿನ ಮೇಲೆ ಒಂದು ಬೋರ್ಡು ಇಡುವುದು ನಮ್ಮಲ್ಲಿ ರೂಢಿ: ಸಿಡಿ ನಾಳೆ. ಇಷ್ಟು ವರ್ಷ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಬೆಳಿಗ್ಗೆ ಅವ್ವನನ್ನು ಆ ಬೋರ್ಡಿನ ಪಕ್ಕದಲ್ಲೇ ಕೂರಿಸಿ, ಚಪ್ಪಲಿ ಹೊರಗೆ ಬಿಟ್ಟು, ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಸಾಫ್ಟ್‌ವೇರ್ ತೆರೆದೆ. ಡಬ್ಬಿ ಮೂಡಿತು. ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು. ಮುಚ್ಚಿ ಮತ್ತೆ ತೆರೆದೆ. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದೆ. ಡಬ್ಬಿಯನ್ನು ಅತ್ತ ತಳ್ಳಿ ಹೋದರೆ ಸಿಡಿ ಬರೆಯುವ ಯಂತ್ರವೇ ಇಲ್ಲ ಅಂತ ಹೇಳಿತು, ಯಂತ್ರ ನನ್ನ ಕಣ್ಣ ಮುಂದೆ ಬಾಯಿ ತೆರೆದುಕೊಂಡು ಕೂತಿತ್ತು. ಡಾಕ್ಟರಿಗೆ ಫೋನು ಮಾಡಿದರೆ, "ನನಗೆಲ್ಲಿ ಗೊತ್ತಮ್ಮ ಪಾಸ್‌ವರ್ಡು? ಆಚಾರ್ರನ್ನ ಕೇಳು" ಅಂದರು. ಯಜಮಾನರಿಗೇ ಗೊತ್ತಿಲ್ಲ. ಆಗ ನನ್ನ ಬಾಯಲ್ಲಿ ಬಂದ ಬೈಗುಳ ಬರೆಯುವಂಥದ್ದಲ್ಲ.

ಆಚಾರ್ರ ಫೋನು ಬಂದ್ ಆಗಿತ್ತು. ಅವರ ಹೆಂಡತಿಯ ನಂಬರಿಗೆ ಮಾಡಿದೆ. ಆ ಅಮ್ಮನಿಗೆ ಮೊಣಕಾಲು ನೋವು, ಆ ವರ್ಷ ಮಡಿ ಅಡಿಗೆಗೆ ಹೋಗದೆ ಪಡಸಾಲೆಯಲ್ಲಿ ಕೂತಿದ್ದರು, ಹಾಗಾಗಿ ಫೋನು ಎತ್ತಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. "ಅವ್ರು ಮಡಿಯಾಗಿದ್ದಾರಮ್ಮ, ಫೋನು ಮುಟ್ಟಂಗಿಲ್ಲ. ತಡಿ, ನಾನೇ ಕೇಳಿ ಹೇಳ್ತೀನಿ" ಅಂದರು. ಒಳಗಿನಿಂದ ಆಚಾರ್ರು ಒಂದೊಂದೇ ಅಕ್ಷರ ಕೂಗಿ ಹೇಳುವುದು, ಅಮ್ಮ ಅದನ್ನು ನನಗೆ ಹೇಳುವುದು, ನಾನು ಒತ್ತುವುದು. ನಮ್ಮ ಮುಖ ಗೋಡೆಗೆ ತಿರುಗಿಸಿ ಕರವಸ್ತ್ರದ ಕೆಳಗೆ ಒತ್ತುತ್ತಿದ್ದ ಗುಟ್ಟು ಅವತ್ತು ಮನೆತುಂಬ ಇದ್ದ ನೆಂಟರ ನಡುವೆ ಹಾದು ಬಂತು. ಆದರೆ ತಪ್ಪು ಅಂದಿತು. ಮತ್ತೊಮ್ಮೆ ಒತ್ತಿದೆ, ಮತ್ತೆ ತಪ್ಪು. ದೊಡ್ಡಕ್ಷರ ಯಾವುದು, ಸಣ್ಣಕ್ಷರ ಯಾವುದು, ನಡುವೆ ಬರುವ ಚಿಹ್ನೆ ಯಾವುದು, ಪಾಪ ಆ ಅಮ್ಮನಿಗೆ ಹೇಗೆ ಗೊತ್ತಾಗಬೇಕು. ಇನ್ನೂ ತಪ್ಪಿದರೆ ಖಾತೆಗೆ ಬೀಗ ಬೀಳುತ್ತದೆ ಅಂತ ಆಚಾರ್ರೇ ಒಮ್ಮೆ ಹೇಳಿದ್ದು ನೆನಪಾಯಿತು. "ಅಮ್ಮಾ, ನಮ್ಮವ್ವನ ಕಣ್ಣು ಹೋಗ್ತಾವ್ರಿ" ಅಂದೆ. ನನಗೆ ಅಳು ಬಂದುಬಿಟ್ಟಿತ್ತು.

ಆಮೇಲೆ ಆ ಕಡೆ ಏನೋ ಗದ್ದಲ. ಯಾರೋ ಗಂಡಸರು ಮಡಿ, ಮಡಿ ಅಂತ ಜೋರಾಗಿ ಅನ್ನುವುದು ಕೇಳಿಸಿತು. ಅದರ ಬೆನ್ನಿಗೇ ಕಿವಿಯ ಹತ್ತಿರವೇ ಆ ದೊಡ್ಡ ದನಿ.

"ತಂಗಿ, ನಾನು. ಅಳಬ್ಯಾಡ. ಈಗ ಏನೂ ಒತ್ತಬ್ಯಾಡ, ಕೈ ತೆಗಿ."

ಕೈ ತೆಗೆದೆ. ಮಾತು ಸರಿಯಾಗಿ ಕೇಳಲಿ ಅಂತ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ. ಅವ್ವ ಗೋಡೆ ತಡವಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಎಲ್ಲಾ ಮುಚ್ಚು. ಆ ಸಾಫ್ಟ್‌ವೇರಿನ ಹೆಸರಿನ ಮ್ಯಾಲೆ ಮೌಸಿನ ಬಲಗಡಿ ಗುಂಡಿ ಒತ್ತು. ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ ಬರ್ತದ, ಬಂತಾ? ಅದನ್ನ ಒತ್ತು. ಈಗ ನಾ ಹೇಳಿದ್ದು ಒಂದು ಒತ್ತಿ, ಒತ್ತಿದೆ ಅನ್ನು. ಆಮ್ಯಾಲೆ ಮುಂದಿಂದು."

ಅವರು ಹೇಳಿದರು, ನಾನು ಒತ್ತಿದೆ. ಅದೇನಿತ್ತು ಅಂತ ಇವತ್ತಿಗೂ ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಡಬ್ಬಿ ಮಾಯವಾಯಿತು. ಸಾಫ್ಟ್‌ವೇರ್ ತೆರೆಯಿತು, ಸಿಡಿ ಬರೆಯುವ ಯಂತ್ರ ಅದಕ್ಕೀಗ ಕಾಣಿಸಿತು. ನಾನು ಅವಸರಕ್ಕೆ ವೇಗ ಹೆಚ್ಚಿಡಲು ಹೋದೆ. ಆ ಮನುಷ್ಯನಿಗೆ ಕಂಪ್ಲಿಯಲ್ಲಿ ಕೂತು ಅದೂ ಗೊತ್ತಾಯಿತು. "ವೇಗ ಕಮ್ಮಿ ಇಡು. ಬಸ್ಸು ಹೋದ್ರ ಇನ್ನೊಂದು ಬರ್ತದ" ಅಂದರು. ಗೆರೆ ಮೆಲ್ಲಗೆ ತುಂಬುತ್ತಿತ್ತು. ಅವರು ಫೋನು ಇಡಲಿಲ್ಲ. ಹಿಂದೆ ಯಾರೋ ಗೊಣಗುತ್ತಿದ್ದರು, ಪಾತ್ರೆಗಳ ಸದ್ದು ಬರುತ್ತಿತ್ತು.

"ಯಾರವ್ವ ಅವ್ರು, ಇಷ್ಟು ಸಮಾಧಾನ ಮಾತಾಡ್ತಾರ?" ಅಂತ ಅವ್ವ ಕೇಳಿದಳು. ಅದು ಅವರಿಗೆ ಕೇಳಿಸಿತು.

"ನಿಮ್ಮ ತಾಯಿ ಏನು? ಅಮ್ಮಾ, ಹೆದರಬ್ಯಾಡ್ರಿ. ನಿಮ್ಮ ಮಗಳು ಎಲ್ಲಾ ಸರಿ ಮಾಡ್ಯಾಳ" ಅಂದರು. ಆಮೇಲೆ ನನಗೆ, "ಆತಾ? ಕೌಂಟರಿನ ಕಂಪ್ಯೂಟರಿಗೆ ಹಾಕಿ ಕೊನೀತನಕ ಓದಿ ನೋಡು. ನಾ ಹಿಡದಿರ್ತೀನಿ." ಓದಿ ನೋಡಿದೆ. ಎಲ್ಲ ಇತ್ತು. "ಲಾಗೌಟ್ ಮಾಡು. ಮಾಡಿದ್ಯಾ? ಹಂಗಾದ್ರ ಹೊರಡ್ರಿ" ಅಂದು ಫೋನು ಇಟ್ಟರು.

ಬಳ್ಳಾರಿ ತಲುಪಿದಾಗ ಸರ್ಜನ್ ಎದ್ದು ಹೊರಡುವುದರಲ್ಲಿದ್ದರು. ಸಿಡಿ ನೋಡಿದ ಮೇಲೆ ಮತ್ತೆ ಕೂತರು. ನರ ಇನ್ನೂ ಸತ್ತಿಲ್ಲ, ತಡ ಮಾಡಬೇಡಿ, ಇದೇ ವಾರ ಬನ್ನಿ ಅಂದರು. ಮೂಗಿನೊಳಗಿಂದ ಹೋಗಿ ಗಡ್ಡೆ ತೆಗೆದರು. ಎಚ್ಚರವಾದ ಮೇಲೆ ಅವ್ವ ಮೊದಲು ನೋಡಿದ್ದು ಪಕ್ಕದ ಮಂಚದವಳನ್ನು, ಮುಖ ಈ ಕಡೆ ಇದ್ದ ಹಾಗೇ. "ಆಕಿ ಸೀರಿ ಹಸರೈತಿ" ಅಂದಳು. ನಾನು ಹೊರಗೆ ಹೋಗಿ ಅತ್ತೆ.

ಆಪರೇಶನ್ನಿಗೆ ನಾವಿನ್ನೂ ಹೊರಟಿರಲಿಲ್ಲ, ಶ್ರಾದ್ಧ ಮುಗಿಸಿಕೊಂಡು ಆಚಾರ್ರು ಮರುದಿನವೇ ಕೆಲಸಕ್ಕೆ ಬಂದಾಗ ನಾನು ಏನೇನೋ ಹೇಳಬೇಕು ಅಂತ ತಯಾರಾಗಿ ನಿಂತಿದ್ದೆ. ಅವರು ಕೇಳಿದ್ದು ಇಷ್ಟೇ: "ಅವ್ರ ಕಂಪ್ಯೂಟರಿನ್ಯಾಗ ಓದಿಕೊಂಡಿತಾ?" ಓದಿಕೊಂಡಿತು ಅಂದೆ. ತಲೆ ಆಡಿಸಿ ತಮ್ಮ ಕೋಣೆಗೆ ಹೋದವರು ಊಟದ ಹೊತ್ತಾದರೂ ಹೊರಗೆ ಬರಲಿಲ್ಲ. ಇಣುಕಿದರೆ ಆ ಕಂಪ್ಯೂಟರಿನಲ್ಲಿ ಹೊಸದೊಂದು ಖಾತೆ ಮಾಡುತ್ತಿದ್ದರು. ಅಡ್ಮಿನ್ ಅಲ್ಲ, ಸಾದಾ. ಆದರೆ ಅದರಿಂದ ಸಿಡಿ ಬರೆಯಬಹುದು, ಯಾವ ಅನುಮತಿಯೂ ಕೇಳುವುದಿಲ್ಲ, ಪಾಸ್‌ವರ್ಡೂ ಇಲ್ಲ. ಬೇರೆ ಏನನ್ನೂ ಮುಟ್ಟಲು ಬರುವುದಿಲ್ಲ. ಅದಕ್ಕೆ ಕನ್ನಡದಲ್ಲಿ 'ಎಲ್ಲರಿಗೂ' ಅಂತ ಹೆಸರಿಟ್ಟಿದ್ದರು. ಕೌಂಟರಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದ 'ಸಿಡಿ ನಾಳೆ' ಬೋರ್ಡನ್ನು ತಾವೇ ಎತ್ತಿ ಕಸದ ಬುಟ್ಟಿಗೆ ಹಾಕಿದರು.

"ಕಾಯೋದಕ್ಕ ಮಡಿ ಬೇಕು ತಂಗಿ, ಕೊಡೋದಕ್ಕ ಬ್ಯಾಡ. ಎರಡನ್ನೂ ಒಂದೇ ಬೀಗದೊಳಗ ಇಟ್ಟಿದ್ದೆ. ಅದು ನನ್ನದೇ ತಪ್ಪು" ಅಂದರು. ನಂತರ ಕರವಸ್ತ್ರ ತೆಗೆದು ಕೀಬೋರ್ಡಿನ ಮೇಲೆ ಹರಡಿ, "ಆ ಕಡಿ ತಿರುಗು" ಅಂದರು. ಹಿಂದಿನ ದಿನ ನನಗೆ ಹೇಳಿದ್ದ ಪಾಸ್‌ವರ್ಡನ್ನು ಬದಲಾಯಿಸುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಒಬ್ಬಳೇ ನಕ್ಕೆ.

ಆಮೇಲೆ ಅವರು ನಿವೃತ್ತರಾಗಿ ಕಂಪ್ಲಿಗೆ ಹೋದರು. ಅವ್ವ ಪ್ರತಿ ಸುಗ್ಗಿಗೂ ಹಸಿ ಶೇಂಗಾ ಕಟ್ಟಿಕೊಡುತ್ತಿದ್ದಳು, ನಾನು ಯಾರ ಕೈಯಲ್ಲಾದರೂ ಮುಟ್ಟಿಸುತ್ತಿದ್ದೆ. ಒಮ್ಮೆ ಹೋಗಿ ಅವರ ಮುಖ ನೋಡಬೇಕು ಅಂತ ಅವ್ವ ಅನ್ನುತ್ತಲೇ ಇದ್ದಳು. ಕಳೆ, ಕುಯ್ಲು, ಮೊಮ್ಮಗಳ ಬಾಣಂತನ, ಒಂದಲ್ಲ ಒಂದು ಬಂದು, ಕಂಪ್ಲಿಗೆ ಹೋಗುವುದು ಮುಂದಕ್ಕೆ ಬೀಳುತ್ತಿತ್ತು. ಊರಲ್ಲಿ ನಮ್ಮಣ್ಣ ಹಳೆಯ ಸಿಡಿಗಳನ್ನೆಲ್ಲ ದಾರಕ್ಕೆ ಪೋಣಿಸಿ ಹಕ್ಕಿ ಬೆದರಿಸಲು ಜೋಳದ ಹೊಲದಲ್ಲಿ ಕಟ್ಟುತ್ತಾನೆ. ಆ ದಿನ ಬರೆದ ಸಿಡಿಯನ್ನು ಮಾತ್ರ ಅವ್ವ ಕೊಡಲಿಲ್ಲ. ಅದು ಅವಳ ಟ್ರಂಕಿನಲ್ಲಿ ಕುಪ್ಪಸದ ಕಣಗಳ ನಡುವೆ ಇದೆ.

ಹೋದ ತಿಂಗಳು ಕಂಪ್ಲಿಯಿಂದ ಫೋನು ಬಂತು, ಆಚಾರ್ರು ನಿದ್ದೆಯಲ್ಲೇ ಹೋಗಿಬಿಟ್ಟರು ಅಂತ. ಅವ್ವನಿಗೆ ಹೇಳಿದೆ. ಅವಳು ಒಳಗೆ ಹೋಗಿ ಶೇಂಗಾ ಚೀಲ ತಂದಿಟ್ಟಳು. ಆಮೇಲೆ, "ಈಗ ಹೋಗೂಣ ನಡಿ" ಅಂದಳು. ಕರ್ಮಾಂತರವೆಲ್ಲ ಮುಗಿದ ಮೇಲೆ ಇಬ್ಬರೂ ಶೇಂಗಾ ಚೀಲ ಹಿಡಿದುಕೊಂಡು ಹೋದೆವು.

ಆಚಾರ್ರ ಹೆಂಡತಿ, ಆ ಅಮ್ಮ, ಒಬ್ಬರೇ ಪಡಸಾಲೆಯಲ್ಲಿದ್ದರು. ನಾನು ಹೊಸ್ತಿಲ ಹೊರಗೇ ನಿಂತೆ, ಅಭ್ಯಾಸ. "ಅಲ್ಲಿ ಯಾಕ ನಿಂತೀ, ಒಳಗ ಬರ್ರಿ, ಕೂಡ್ರಿ" ಅಂತ ಅವ್ವನ ಕೈ ಹಿಡಿದು ತಮ್ಮ ಪಕ್ಕ ಕೂರಿಸಿಕೊಂಡರು. ಆ ದಿನದ ಮಾತು ಬಂತು. ಫೋನು ಇಟ್ಟ ಮೇಲೆ ಅಲ್ಲಿ ಏನು ನಡೆಯಿತು ಅಂತ ನನಗೆ ಗೊತ್ತಾದದ್ದು ಆಗಲೇ. ಫೋನು ಮುಟ್ಟಿ ಆಚಾರ್ರ ಮಡಿ ಕೆಟ್ಟಿತ್ತು. ಬಾವಿಗೆ ಹೋಗಿ ಮತ್ತೆ ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು ಎಲ್ಲ ಮೊದಲಿನಿಂದ. ಬ್ರಾಹ್ಮಣರು ಮಣೆಯ ಮೇಲೆ ಕಾಯುತ್ತಾ ಕೂತಿದ್ದರು. ಆಚಾರ್ರ ಅಣ್ಣ ಕೂಗಾಡಿದರಂತೆ, ಅಪ್ಪ ಹಸಿದು ಬಂದು ಕೂತಾನ, ನೀನು ಫೋನು ಹಿಡಕೊಂಡು ನಿಂತುಬಿಟ್ಟಿಯಲ್ಲ ಅಂತ. "ಅದಕ್ಕ ಇವ್ರು ಏನಂದ್ರು ಗೊತ್ತೇನಮ್ಮ? ಅಪ್ಪ ಸ್ವಲ್ಪ ಹೊತ್ತು ಕಾಯ್ತಾನ, ಆಕಿ ಕಣ್ಣು ಕಾಯಂಗಿಲ್ಲ ಅಂದ್ರು. ಅಣ್ಣ ಒಂದು ವರ್ಷ ಮಾತು ಬಿಟ್ಟಿದ್ರು." ಅವ್ವ ತಲೆ ತಗ್ಗಿಸಿ ಕೇಳುತ್ತಿದ್ದಳು. ಆ ಆಚಾರ್ರು ಒಂದು ಸಲವಾದರೂ ಇದನ್ನು ನನಗೆ ಹೇಳಲಿಲ್ಲ, ನೋಡಿ. ನಾನು ಹುರಿದ ಶೇಂಗಾದ ಲೆಕ್ಕ ಇಟ್ಟುಕೊಂಡು ಕೂತಿದ್ದೆ.

ಅಮ್ಮನಿಗೆ ಒಂದು ಕೊರಗಿತ್ತು. ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಇಲ್ಲ. ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿದ್ದರು. "ಪೊಲೀಸರು ಹಿಡಕೊಂಡು ಬಂದಂಗ ಕಾಣ್ತಾರ" ಅಂದರು, ನಿಜಕ್ಕೂ ಹಾಗೇ ಇತ್ತು. ಫೋಟೋಗಳೆಲ್ಲ ಅವರ ಲ್ಯಾಪ್‌ಟಾಪಿನಲ್ಲಿವೆ, ಪಾಸ್‌ವರ್ಡ್ ಅವರ ಜೊತೆಗೇ ಹೋಯಿತು, ತಾನು ಅದನ್ನು ಎಂದೂ ಮುಟ್ಟಿಲ್ಲ, ಅದು ಅವರ ಮಡಿ ಡಬ್ಬಿ ಅಂತ ದೂರವೇ ಇದ್ದೆ ಅಂದರು. ನಾನು ತೆರೆದೆ. ಪರದೆಯ ಮೇಲೆ ಆಚಾರ್ರ ಹೆಸರು, ಅದರ ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗ. ಅವತ್ತು ಅವರು ಹೇಳಿದ್ದನ್ನೇ ಒತ್ತಿದೆ, ಬೆರಳಿಗೆ ಇನ್ನೂ ನೆನಪಿತ್ತು. ತಪ್ಪು ಅಂದಿತು. ಅನ್ನದೆ ಇನ್ನೇನು, ಆಚಾರ್ರು ಅಂದರೆ ಯಾರು.

ಆಗ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಖಾತೆ ಇದ್ದದ್ದು ಕಣ್ಣಿಗೆ ಬಿತ್ತು. ಎಲ್ಲರಿಗೂ. ಒತ್ತಿದೆ. ಏನನ್ನೂ ಕೇಳದೆ ತೆರೆಯಿತು. ಒಳಗೆ ಅಮ್ಮನಿಗೆ ಬೇಕಾದದ್ದೆಲ್ಲ ಒಂದೊಂದೇ ಹೆಸರು ಹಚ್ಚಿ ಇಟ್ಟಿದ್ದರು, ಫೋಟೋಗಳಿಗೂ ಒಂದು ಜಾಗ ಮಾಡಿದ್ದರು. ಹುಡುಕುವಷ್ಟೂ ಕೆಲಸವಾಗಲಿಲ್ಲ, ಹಂಪಿಯದು ಮೇಲೇ ಇತ್ತು. ಬಂಡೆ, ಖಾಲಿ ಡಬ್ಬಿ, ಬಾಯಿ ತುಂಬ ನಗುತ್ತಿರುವ ಆಚಾರ್ರು.

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅವ್ವ ಹತ್ತಿರ ಸರಿದು ಬಗ್ಗಿ ನೋಡಿದಳು. "ಇವ್ರೇ ಏನು? ದನಿ ಕೇಳಿ ನಾನು ಭಾಳ ಎತ್ತರದ ಮನಿಷ್ಯಾರು ಅನ್ಕೊಂಡಿದ್ದೆ" ಅಂದಳು. ಅಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಫೋಟೋ ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡು, ಹೊಸಪೇಟೆಯಲ್ಲಿ ಕಟ್ಟು ಹಾಕಿಸಿ ಕಳಿಸುತ್ತೇನೆ ಅಂತ ಹೇಳಿ ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನನ್ನ ಕೈ ಹಿಡಿದಳು.

"ತಡಿ, ಮುಚ್ಚಬ್ಯಾಡ. ಇನ್ನೊಂದೀಟು ನೋಡ್ತೀನಿ."